ಬೆಟ್ಟದಲ್ಲಿ ಬಿಟ್ಟದ್ದು

ವೆಂಕಟರಾಯಪ್ಪ ತಿರುಪತಿ ಬೆಟ್ಟದಲ್ಲಿ ತಲೆಗೂದಲನ್ನೂ ಮಾಂಸವನ್ನೂ ಬಿಟ್ಟು ಬಂದ. ಕೂದಲು ಅವನೊಬ್ಬನದೇ. ಮಾಂಸವನ್ನು ಇಡೀ ಮನೆಯ ಪರವಾಗಿ ಬಿಟ್ಟಿದ್ದ.

ಅದಕ್ಕೆ ಕಾರಣ ಮಗ ಕೋದಂಡರಾಮಪ್ಪನ ಕಾಯಿಲೆ. ಚಿನ್ನದ ಗಣಿಯ ಊರಿನಲ್ಲಿ ಒಂದು ಅಂಗಡಿಯ ಗುಮಾಸ್ತನಾಗಿದ್ದ ಅವನಿಗೆ ವಿಷಮಜ್ವರ ಹಿಡಿದು, ಶ್ರೀನಿವಾಸಪುರದಿಂದ ರಾಯಲ್ಪಾಡಿನ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿದ್ದ ಅವರ ಹಳ್ಳಿಗೆ ಗಾಡಿಯಲ್ಲಿ ಮಲಗಿಸಿಕೊಂಡು ತಂದಿದ್ದರು. ತಾಯಿ ಅಶ್ವತ್ಥಮ್ಮ ಮಗನ ತಲೆದೆಸೆ ಬಿಟ್ಟು ಏಳಲಿಲ್ಲ. ತಂದೆ ದೇವರಿಗೆ ಮಾತು ಕೊಟ್ಟ. ಜ್ವರ ಇಳಿಯಿತು. ಮಾತು ಸಲ್ಲಿಸಲು ವೆಂಕಟರಾಯಪ್ಪ ಒಬ್ಬನೇ ಹೋಗಿ, ಬೋಳುತಲೆಗೆ ಗಂಧ ಬಳಿದುಕೊಂಡು ಹಿಂದಿರುಗಿದ. ಅಶ್ವತ್ಥಮ್ಮ ಮಗನಿಗೆ ಗಂಜಿ ಕಾಯಿಸುತ್ತಿದ್ದಳು.

"ಇನ್ಮೇಲೆ ಈ ಮನೇಲಿ ಮೀನು, ಮಾಂಸ, ಮೊಟ್ಟೆ ಯಾವ್ದೂ ಇಲ್ಲ. ಸ್ವಾಮಿಗೆ ಬಿಟ್ಟಿದ್ದೀನಿ" ಎಂದ.

ಮಾಂಸ ಬೇಯಿಸುವ ಮಡಕೆಗಳನ್ನು ಅವನೇ ಹಿತ್ತಲಿಗೆ ಒಯ್ದು ಒಡೆದ. ಅಶ್ವತ್ಥಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅವಳು ಕೇಳಿದ್ದು ಒಂದೇ ಮಾತು.

"ನಾಯಿಗೂನಾ?"

"ಯಾಕೆ, ನಾಯಿ ಈ ಮನೇದಲ್ವಾ?"

ನಾಯಿ ಕೋದಂಡನ ಹಿಂದೆ ಗಣಿಯಿಂದ ಬಂದದ್ದು. ಯುದ್ಧ ಶುರುವಾಗಿ ಸ್ವದೇಶಕ್ಕೆ ಹೊರಟ ಬಿಳಿಯ ದೊರೆಯೊಬ್ಬ ಅದನ್ನು ಅವನ ಕೈಗೆ ಒಪ್ಪಿಸಿ ಹೋಗಿದ್ದ. ಕಂದು ಮೈ, ಗಿಡ್ಡ ಕಾಲು, ನೆಲಕ್ಕೆ ತಾಗುವಂಥ ಕಿವಿ. ಹೆಸರು ಜಿಮ್ಮಿ. ರಾಯಲ್ಪಾಡಿನ ತೆಲುಗು ಮನೆಯಿಂದ ಬಂದ ಅಶ್ವತ್ಥಮ್ಮನ ಬಾಯಲ್ಲಿ ಅದು ಜಮ್ಮಿಯಾಯಿತು. ಅವರ ಭಾಷೆಯಲ್ಲಿ ಜಮ್ಮಿ ಎಂದರೆ ಬನ್ನಿಮರ. ಊರ ನಾಯಿಗಳಂತೆ ಅದು ಬೀದಿಯಲ್ಲಿ ಮಲಗುತ್ತಿರಲಿಲ್ಲ. ದೊರೆಯ ಮನೆಯಲ್ಲಿ ಕಲಿತಂತೆ ಒಳಗೇ, ಯಾರದಾದರೂ ಹಾಸಿಗೆಯ ತುದಿಯಲ್ಲಿ ಮಲಗುತ್ತಿತ್ತು. ಅಲ್ಲಿ ಮೂಳೆ ಕಡಿದು ಬೆಳೆದ ನಾಯಿ ಇಲ್ಲಿ ಮೆತ್ತಗೆ ಬೆಂದ ಅನ್ನಕ್ಕೆ ಮೊಸರು ಕಲಸಿದ್ದನ್ನು ತಿಂದು, ಒಂದು ವರ್ಷದಲ್ಲಿ ಹೊಟ್ಟೆ ಜೋತುಬೀಳುವಷ್ಟು ದಪ್ಪಗಾಯಿತು.

ಕೋದಂಡನಿಗೆ ಮದುವೆಯಾಯಿತು. ಹುಡುಗಿ ಭಾರತಮ್ಮ, ಮಾಸ್ತಿಯ ಹತ್ತಿರದ ಕೆರೆಯಂಚಿನ ಊರಿನವಳು. ಕೆರೆ ಬತ್ತುವ ಕಾಲಕ್ಕೆ ಊರಿಗೆ ಊರೇ ಇಳಿದು ಮೀನು ಹಿಡಿಯುವ ಕಡೆ ಹುಟ್ಟಿದವಳು. ಮಾತುಕತೆಯ ದಿನವೇ ವೆಂಕಟರಾಯಪ್ಪ, "ನಮ್ಮನೇಲಿ ಅದೆಲ್ಲ ಬಿಟ್ಟಿದ್ದೀವಮ್ಮ. ನಿನಗೆ ಆಗುತ್ತಾ?" ಎಂದು ನೇರವಾಗಿ ಕೇಳಿದ್ದ. ಅವಳು ತಲೆ ಆಡಿಸಿದ್ದಳು. ಆ ಮನೆಯಲ್ಲಿ ಒಪ್ಪಿಗೆ ಕೇಳಿಸಿಕೊಂಡು ಮಾಂಸ ಬಿಟ್ಟವಳು ಅವಳೊಬ್ಬಳೇ.

ಚಳಿಗಾಲ ಕಳೆಯುವ ಹೊತ್ತಿಗೆ ನಾಯಿಗೆ ಒಂದು ಹೊಸ ಚಾಳಿ ಹತ್ತಿತು. ಹಿಂಗಾಲುಗಳನ್ನು ಮುಂದಕ್ಕೆ ಚಾಚಿ, ಅಂಡು ನೆಲಕ್ಕೆ ಊರಿ, ಜಗಲಿಯ ಈ ಕೊನೆಯಿಂದ ಆ ಕೊನೆಗೆ ತೆವಳಿಕೊಂಡು ಹೋಗುತ್ತಿತ್ತು. ಮಲಗಿದ್ದದ್ದು ಯಾರೋ ಚುಚ್ಚಿದಂತೆ ತಟಕ್ಕನೆ ತಿರುಗಿ ತನ್ನ ಬಾಲದ ಬುಡವನ್ನು ನೋಡುತ್ತಿತ್ತು. ಅಲ್ಲೇ ನೆಕ್ಕುತ್ತಿತ್ತು.

"ನೋಡೇ ಭಾರತೀ, ನೀನು ಸಾರಿಸಿದ್ದು ಸಾಲ್ದು ಅಂತ ಇದು ಇನ್ನೊಂದ್ ಸಲ ಸಾರಿಸ್ತಿದೆ" ಎಂದಳು ಅಶ್ವತ್ಥಮ್ಮ.

"ಕಸಬರಿಕೆ ಬಾಲದಲ್ಲೇ ಇದೆ ಅತ್ತೆ, ಅದಕ್ಕೇನು ಕಷ್ಟ" ಎಂದಳು ಭಾರತಮ್ಮ.

ಅತ್ತೆ ಸೊಸೆ ಇಬ್ಬರೂ ನಕ್ಕರು. ಹೊಟ್ಟೆಯಲ್ಲಿ ಜಂತು ಇರಬೇಕೆಂದು ಬೇವಿನೆಲೆ ಅರೆದು ಉಂಡೆ ಕಟ್ಟಿ ಮೊಸರನ್ನದಲ್ಲಿ ಹುದುಗಿಸಿ ಹಾಕಿದರು. ನಾಯಿ ಅನ್ನ ತಿಂದು ಬೇವನ್ನು ತಟ್ಟೆಯಲ್ಲಿ ಉಳಿಸಿತು.

ವಾಸನೆ ಮೊದಲು ಬಂದದ್ದು ಯಾರಿಗೆ ಎಂದು ಆಮೇಲೆ ಯಾರೂ ಹೇಳಲಿಲ್ಲ. ಅದು ಒಣಮೀನಿನ ವಾಸನೆ. ಒಣಗಿಸುವಾಗ ಬಿಸಿಲು ಸಾಲದೆ ಮುಗ್ಗು ಹಿಡಿದ ಮೀನಿನದು. ಆ ಮನೆಯಲ್ಲಿ ಎಲ್ಲರೂ ಅದನ್ನು ಬಲ್ಲವರೇ. ಒಂದು ದಿನ ಅಡುಗೆಮನೆಯ ಹೊಸ್ತಿಲಲ್ಲಿ ಇರುತ್ತಿತ್ತು, ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ಇನ್ನೊಂದು ದಿನ ಕೋದಂಡ ಮತ್ತು ಭಾರತಮ್ಮ ಮಲಗುವ ಕೋಣೆಯಲ್ಲಿ. ಹೆಚ್ಚಾಗಿ ಭಾರತಮ್ಮ ಹೊದೆಯುವ ಕಂಬಳಿಯಲ್ಲಿ.

ಭಾರತಮ್ಮ ಕಂಬಳಿಯನ್ನು ಬಿಸಿಲಿಗೆ ಹಾಕಿದಳು, ಸೀಗೆಪುಡಿಯಲ್ಲಿ ಒಗೆದಳು. ನಾಲ್ಕಾರು ದಿನಕ್ಕೆ ವಾಸನೆ ಮತ್ತೆ ಬಂತು. ಅವಳಿಗೆ ಅತ್ತೆಯ ನೆನಪಾಯಿತು. ರಾಯಲ್ಪಾಡಿನ ಅಣ್ಣ ಗಂಗುಲಪ್ಪನ ಮನೆಗೆ ಹೋಗಿ ಬಂದ ದಿನವೆಲ್ಲ ಅತ್ತೆ ಬಾಯಿ ತುಂಬ ಎಲೆಯಡಿಕೆ, ಮೇಲೆ ಎರಡು ಲವಂಗ ಹಾಕಿಕೊಂಡು ಗಾಡಿಯಿಂದ ಇಳಿಯುತ್ತಿದ್ದಳು. ಅದನ್ನು ಭಾರತಮ್ಮ ಗಮನಿಸಿದ್ದಳು, ಹೇಳಿರಲಿಲ್ಲ. ಮನೆಯಲ್ಲಿ ಹೆಂಗಸರು ಇಬ್ಬರೇ. ನಾನಲ್ಲ ಎಂದರೆ ಉಳಿಯುವುದು ಯಾರು ಎಂಬುದಕ್ಕೆ ಲೆಕ್ಕ ಬೇಕಿರಲಿಲ್ಲ. ಅವಳು ಕಂಬಳಿಯನ್ನು ಇನ್ನೊಂದು ಸಲ ಒಗೆದಳು.

ಕೋದಂಡ ಒಮ್ಮೆ ಹೆಂಡತಿ ನಿದ್ದೆಯಲ್ಲಿದ್ದಾಗ ಅವಳ ಕೂದಲಿಗೆ ಮೂಗು ಹತ್ತಿರ ತಂದ. ಎಣ್ಣೆಯ ವಾಸನೆ ಬಿಟ್ಟು ಏನೂ ಇರಲಿಲ್ಲ. ಅವಳ ಕಣ್ಣು ತೆರೆದಿತ್ತು. ಅವನು ಮಗ್ಗುಲಾದ.

ವೆಂಕಟರಾಯಪ್ಪನಿಗೂ ವಾಸನೆ ಬಂದಿತ್ತು. ಸ್ನಾನ ಮಾಡಿ ನಾಮ ಇಟ್ಟುಕೊಂಡು ಪಟದ ಮುಂದೆ ನಿಂತಾಗ ಕಣ್ಣು ಮುಚ್ಚಿದರೆ ಮೂಗು ಚುರುಕಾಗುತ್ತಿತ್ತು. ಕೇಳಿಬಿಟ್ಟರೆ ಉತ್ತರ ಬರುತ್ತದೆ. ಬಂದ ಉತ್ತರಕ್ಕೆ ಏನಾದರೂ ಮಾಡಬೇಕಾಗುತ್ತದೆ. ಹೀಗೆ ಮಾವು ಹೂ ಕಳಚಿ ಪೀಚು ಕಟ್ಟುವವರೆಗೆ ನಾಲ್ವರೂ ಒಂದೇ ವಾಸನೆಯಲ್ಲಿ ಉಂಡರು, ಮಲಗಿದರು.

ಅದನ್ನು ಬಾಯಿ ಬಿಟ್ಟು ಹೇಳಿದವನು ಹೊರಗಿನವನು. ಶ್ರೀನಿವಾಸಪುರದ ಮಾವಿನ ವ್ಯಾಪಾರಿ ಜಾನ್ ಪಾಷಾ ತೋಪಿನ ಗುತ್ತಿಗೆ ಮಾತಾಡಲು ಬಂದು ಜಗಲಿಯಲ್ಲಿ ಕುಳಿತಿದ್ದ. ಬೀದಿಯಲ್ಲಿ ಮಂಗಗಳನ್ನು ಓಡಿಸಲು ಯಾರೋ ತಗಡು ಬಡಿದರು. ಮಲಗಿದ್ದ ಜಿಮ್ಮಿ ಬೆದರಿ, ಬಾಲ ಮುದುರಿಕೊಂಡು ಒಳಕ್ಕೆ ಓಡಿತು. ಅದೇ ಹೊತ್ತಿಗೆ ಭಾರತಮ್ಮ ನೀರಿನ ಚೊಂಬು ತಂದು ಇಟ್ಟು ಹೋದಳು. ಜಾನ್ ಪಾಷಾ ಮೂಗು ಅರಳಿಸಿದ.

"ಅರೆರೆ, ರಾಯಪ್ಪನೋರೆ! ಬೆಟ್ಟದ ಸ್ವಾಮಿ ಒಣಮೀನಿಗೆ ರಿಯಾಯ್ತಿ ಕೊಟ್ಟವ್ರಾ? ಹೇಳಿದ್ರೆ ನಾನೇ ಒಂದು ಗಂಟು ತರ್ತಿದ್ದೆ."

"ಏನ್ ಪಾಷಾ ನಿನ್ನ ತಮಾಷಿ."

"ತಮಾಷಿ ಏನ್ ಬಂತು, ಮೂಗು ನಂದು. ನನ್ನ ಹೆಂಡತಿ ಹಿಂಗೆ ಸುಡ್ತಾಳೆ, ಪಕ್ಕದ ಬೀದಿಯೋರು ಅನ್ನ ಕಲಸ್ಕೊಂಡು ಬಂದ್ಬಿಡ್ತಾರೆ."

ವೆಂಕಟರಾಯಪ್ಪ ನಗಲಿಲ್ಲ. ಜಾನ್ ಪಾಷಾ ತನ್ನ ನಗುವನ್ನು ಅರ್ಧಕ್ಕೆ ನಿಲ್ಲಿಸಿ, ಕಾಯಿಯ ಗಾತ್ರದ ಮಾತು ತೆಗೆದ. ಅವನು ಹೋದ ಮೇಲೆ ವೆಂಕಟರಾಯಪ್ಪ ಮಗನನ್ನು ಕರೆದ.

"ಭಾನುವಾರ ನಿನ್ನ ಹೆಂಡ್ತೀನ ಅವರಪ್ಪನ ಮನೆಗೆ ಕರ್ಕೊಂಡು ಹೋಗು. ಅಲ್ಲೇ ಇರ್ಲಿ."

"ಅಪ್ಪ, ಕೇಳಿ ಆದ್ರೂ ನೋಡು."

"ಮದುವೆಗೆ ಮುಂಚೆ ಕೇಳಿದ್ದೆ. ತಲೆ ಆಡಿಸಿದ್ಲು. ಊರೋರ ಬಾಯಿಗೆ ಬಂದ್ಮೇಲೆ ಇನ್ನೇನೋ ಕೇಳೋದು?"

ಕೋದಂಡ ಕೋಣೆಗೆ ಹೋಗಿ ಹೇಳಿದ. ಭಾರತಮ್ಮ ಅಳಲಿಲ್ಲ. ನೀವೂ ಹಾಗೇ ಅಂದ್ಕೊಂಡಿದ್ದೀರಾ ಎಂದಷ್ಟೇ ಕೇಳಿದಳು. ಅವನು ಗೋಡೆಯ ಮೊಳೆಗೆ ನೇತುಹಾಕಿದ್ದ ತನ್ನ ಕೋಟನ್ನು ಸರಿಮಾಡಿದ.

ಭಾನುವಾರ ಬೆಳಿಗ್ಗೆ ಗಾಡಿ ಕಟ್ಟಿದರು. ಭಾರತಮ್ಮ ಟ್ರಂಕನ್ನು ಹೊಸ್ತಿಲಾಚೆ ಇಟ್ಟು, ಮಾವನ ಕಾಲಿಗೆ ನಮಸ್ಕಾರ ಮಾಡಿ, ಅತ್ತೆಗಾಗಿ ಕಾದಳು. ಅಶ್ವತ್ಥಮ್ಮ ಹಿತ್ತಲಲ್ಲಿ ಬೆರಣಿ ತಟ್ಟುತ್ತಿದ್ದವಳು ಸಗಣಿಯ ಕೈಯಲ್ಲೇ ಬಂದಳು. ಸೊಸೆ ತಿಂದಳೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ತಾನು ತಿಂದದ್ದು ಗೊತ್ತಿತ್ತು.

"ಎತ್ತು ಬಿಚ್ಚೋ ಕೋದಂಡ."

"ನೀನು ಒಳಗೆ ಹೋಗೇ" ಎಂದ ವೆಂಕಟರಾಯಪ್ಪ.

"ತಿಂದೋಳು ನಾನು. ಅವಳನ್ನ ಯಾಕೆ ಕಳಿಸ್ತೀರ?"

ಗಾಡಿಗೆ ಕಟ್ಟಿದ್ದ ಎತ್ತು ಕೊರಳು ಆಡಿಸಿತು. ವೆಂಕಟರಾಯಪ್ಪ ಹೆಂಡತಿಯ ಮುಖ ನೋಡಿ, ಸೊಸೆಯ ಮುಖ ನೋಡಿದ. ಸೊಸೆ ನೆಲ ನೋಡುತ್ತಿದ್ದಳು. ಅವಳಿಗೆ ಇದು ಹೊಸ ಸುದ್ದಿಯಲ್ಲ ಎಂಬುದು ಅವನಿಗೆ ಕಂಡಿತು. ನಂಬಿಕೆ ಬಂದದ್ದು ಅದರಿಂದಲೇ.

ಅಂದಿನಿಂದ ಅಡುಗೆಮನೆ ಸೊಸೆಯ ಕೈಗೆ ಬಂತು. ಅಶ್ವತ್ಥಮ್ಮ ಮುಟ್ಟಿದ್ದನ್ನು ವೆಂಕಟರಾಯಪ್ಪ ಉಣ್ಣಲಿಲ್ಲ. ಅವಳ ತಟ್ಟೆ ಹಿತ್ತಲ ಪಡಸಾಲೆಗೆ ಹೋಯಿತು. "ಉಗಾದಿ ಆಗ್ಲಿ. ಗಂಗುಲಪ್ಪನಿಗೆ ಹೇಳಿ ಕಳಿಸ್ತೀನಿ, ಬಂದು ಕರ್ಕೊಂಡು ಹೋಗ್ಲಿ. ಅಲ್ಲೇ ತಿನ್ನು" ಎಂದ. ಅವಳು ಆಗಲಿ ಎಂದಳು. ಸೊಸೆ ಅತ್ತೆಯ ತಟ್ಟೆಗೆ ಬಡಿಸುವಾಗ ಒಂದು ಸಲ, "ನಾನೂ ನೀವೇ ಅಂದ್ಕೊಂಡಿದ್ದೆ ಅತ್ತೆ. ಅದಕ್ಕೇ ಸುಮ್ನಿದ್ದೆ" ಎಂದಳು. "ಗೊತ್ತಮ್ಮ" ಎಂದು ಅಶ್ವತ್ಥಮ್ಮ ಮುದ್ದೆ ಮುರಿದಳು.

ವಾಸನೆ ಮಾತ್ರ ಹೋಗಲಿಲ್ಲ. ಈಗ ಅದನ್ನು ಅಶ್ವತ್ಥಮ್ಮನ ಲೆಕ್ಕಕ್ಕೆ ಸೇರಿಸಿದ್ದರಿಂದ ಯಾರೂ ಹುಡುಕಲಿಲ್ಲ.

ಉಗಾದಿಗೆ ಸ್ವಲ್ಪ ಮುಂಚೆ ಜಿಮ್ಮಿ ಕೂರುವುದನ್ನು ಬಿಟ್ಟಿತು. ನಿಂತೇ ಇರುತ್ತಿತ್ತು, ಸುಸ್ತಾದರೆ ಒಂದೇ ಮಗ್ಗುಲಿಗೆ ಬೀಳುತ್ತಿತ್ತು. ಮಲವಿಸರ್ಜನೆಗೆ ಕುಳಿತರೆ ಚೀರುತ್ತಿತ್ತು. ಭಾರತಮ್ಮ ಬಾಲ ಎತ್ತಿ ನೋಡಿದಾಗ ಗುದದ್ವಾರದ ಬಲಕ್ಕೆ ನೆಲ್ಲಿಕಾಯಿಯಷ್ಟು ಊತ, ಕೆಂಪು, ಮುಟ್ಟಿದರೆ ಸುಡುವ ಬಿಸಿ. ಎಂದೂ ಹಲ್ಲು ತೋರಿಸದ ನಾಯಿ ಅವಳ ಕೈಗೆ ಬಾಯಿ ಹಾಕಿತು.

"ಕೋಲಾರದ ದನದ ಆಸ್ಪತ್ರೆಗೆ ಕರ್ಕೊಂಡು ಹೋಗಿ" ಎಂದಳು ಗಂಡನಿಗೆ. "ಇದಕ್ಕಾದ್ರೂ ಹೋಗಿ."

ಕೋದಂಡ ನಾಯಿಯನ್ನು ಮಾವಿನ ಮಂಕರಿಯೊಳಗೆ ಹುಲ್ಲಿನ ಮೇಲೆ ಕೂರಿಸಿ, ಮೇಲೆ ಪಂಚೆ ಮುಚ್ಚಿ, ಶ್ರೀನಿವಾಸಪುರದಲ್ಲಿ ಬಸ್ಸು ಹತ್ತಿದ. ಪೆಟ್ರೋಲಿಗೆ ಬರ ಬಂದು ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದ ಕಾಲ. ಒಂದು ಏರಿನಲ್ಲಿ ಬಸ್ಸು ಕೆಮ್ಮಿ, ಧಡಕ್ಕೆಂದು ಹಿಂದಕ್ಕೆ ಜಗ್ಗಿ ನಿಂತಿತು. ಮಂಕರಿಯೊಳಗೆ ನಾಯಿ ಹೆದರಿ ಕುಂಯ್ ಎಂದಿತು. ಅದರ ಹಿಂದೆಯೇ ಬಸ್ಸಿನ ತುಂಬ ಒಂದು ವಾಸನೆ ಎದ್ದಿತು.

"ಯಾರಪ್ಪಾ ಅದು, ಮೀನಿನ ಬುಟ್ಟೀನ ಒಳಗೆ ತಂದೋರು?" ಎಂದ ಮುಂದಿನ ಸೀಟಿನ ಮುದುಕ.

"ಮೀನಲ್ಲ, ನಾಯಿ" ಎಂದ ಕೋದಂಡ.

"ಲೇ, ಮೂಗಿಗೆ ಸುಳ್ಳು ಹೇಳ್ತೀಯೇನ್ಲಾ? ಕೊಳೆತ ಮೀನದು. ಕಂಡಕ್ಟರೇ, ಮೇಲಕ್ಕೆ ಹಾಕ್ಸಿ."

ಕಂಡಕ್ಟರ್ ಬಂದು ಪಂಚೆ ಎತ್ತಿದ. ಎರಡು ದೊಡ್ಡ ಕಿವಿಗಳ ನಡುವಿಂದ ನಾಯಿ ಅವನನ್ನು ನೋಡಿತು. ಬಸ್ಸಿನವರೆಲ್ಲ ನಕ್ಕರು. ಕೋದಂಡ ಬಗ್ಗಿ ನಾಯಿಯ ಬಾಲದ ಕಡೆಯ ಹುಲ್ಲನ್ನು ಒಂದು ಹಿಡಿ ತೆಗೆದು ಮೂಸಿದ. ಕೈಯಲ್ಲಿ ಹುಲ್ಲು ಹಿಡಿದುಕೊಂಡೇ ಇದ್ದ. ತಳ್ಳಲು ಇಳಿಯಿರಿ ಎಂದು ಎಲ್ಲರನ್ನೂ ಇಳಿಸಿದಾಗಲೂ ಅವನಿಗೆ ಕೇಳಿಸಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ನಾಯಿಯ ಮೂತಿಗೆ ಬಟ್ಟೆ ಕಟ್ಟಿಸಿ, ತಲೆಯನ್ನು ಕೋದಂಡನ ಕಂಕುಳಿಗೆ ಕೊಟ್ಟರು. ಬಾಲ ಎತ್ತಿ, ಹತ್ತಿ ಹಿಡಿದು, ಎಡಗಡೆ ಹೆಬ್ಬೆರಳು ತೋರುಬೆರಳಿನ ನಡುವೆ ಮೆಲ್ಲಗೆ ಒತ್ತಿದರು. ಕಂದು ಬಣ್ಣದ ಮಂದವಾದ ರಸ ಹತ್ತಿಗೆ ಬಂತು. ಕಿಟಕಿ ತೆರೆಯಲು ಹೇಳಿದರು. ಬಲಗಡೆಯ ಊತವನ್ನು ಸಣ್ಣಗೆ ಕೊಯ್ದು ಕೀವು ಹರಿಸಿ, ಕೆಂಪು ಔಷಧಿಯ ನೀರಿನಲ್ಲಿ ತೊಳೆದರು.

"ಎಲ್ಲ ನಾಯಿಗೂ ಇಲ್ಲಿ ಆ ಕಡೆ ಒಂದು ಈ ಕಡೆ ಒಂದು ಚಿಕ್ಕ ಚೀಲ ಇರ್ತವೆ ಕಣ್ರೀ. ಒಳಗೆ ಈ ರಸ. ಮಲ ಗಟ್ಟಿಯಾಗಿ ಹೋದ್ರೆ ಅದೇ ಒತ್ತಿ ಖಾಲಿ ಮಾಡುತ್ತೆ. ತೆಳ್ಳಗೆ ಹೋದ್ರೆ ನಿಂತ್ಕೊಳ್ಳುತ್ತೆ. ಮಲಗಿದ ಕಡೆ ಸೋರುತ್ತೆ, ಹೆದರಿದ್ರೆ ಚಿಮ್ಮುತ್ತೆ, ಕಟ್ಕೊಂಡ್ರೆ ಹಿಂಗೆ ಕೀವು. ನೆಲಕ್ಕೆ ಉಜ್ತಿರ್ಲಿಲ್ವಾ?"

"ಉಜ್ತಿತ್ತು. ಜಂತು ಅಂದ್ಕೊಂಡ್ವಿ."

"ಏನು ಹಾಕ್ತೀರಿ ಊಟಕ್ಕೆ?"

"ಮೊಸರನ್ನ."

"ಬರೀ ಮೊಸರನ್ನಾನಾ? ಯಾವ ಪುಣ್ಯಾತ್ಮ ಹೇಳಿದ್ದು?"

"ನಮ್ಮಪ್ಪ ಬೆಟ್ಟದಲ್ಲಿ ಮಾಂಸ ಬಿಟ್ಟು ಬಂದ್ರು ಸಾರ್. ಎಲ್ಲರದ್ದೂ."

ಡಾಕ್ಟರು ಕೈ ತೊಳೆಯುವುದನ್ನು ನಿಲ್ಲಿಸಿ ತಿರುಗಿದರು. "ನಾಯಿನೂ ಬೆಟ್ಟ ಹತ್ತಿತ್ತೇನ್ರೀ?"

ಅವರು ಹೇಳಿ ಕಳಿಸಿದ್ದು ಇಷ್ಟು: ಬಿಸಿನೀರಿನ ಬಟ್ಟೆಯ ಶಾಖ ದಿನಾ ಬೆಳಿಗ್ಗೆ ಸಂಜೆ; ಗಾಯ ಆರುವವರೆಗೆ ನೆಕ್ಕಲು ಬಿಡಬಾರದು; ಜರಡಿ ಹಿಡಿಯದ ರಾಗಿ ಹಿಟ್ಟಿನ ಮುದ್ದೆ, ಸೊಪ್ಪು, ಆಗುವುದಾದರೆ ಮಾಂಸ; ಮೈ ಇಳಿಯಬೇಕು, ನಡೆಸಬೇಕು. ಮತ್ತೆ ತುಂಬಿಕೊಳ್ಳಬಹುದು, ಉಜ್ಜಲು ಶುರುಮಾಡಿದ ಕೂಡಲೇ ತರಬೇಕು.

ಕೋದಂಡ ಮನೆಗೆ ಬಂದು ಜಗಲಿಯಲ್ಲಿ ಮಂಕರಿ ಇಳಿಸಿದವನು ನೀರನ್ನೂ ಕುಡಿಯದೆ ಎಲ್ಲವನ್ನೂ ಹೇಳಿದ. ಮಂಕರಿಯ ಹುಲ್ಲನ್ನು ಒಂದು ಹಿಡಿ ತೆಗೆದು ತಂದೆಯ ಮೂಗಿಗೆ ಹಿಡಿದ. ವೆಂಕಟರಾಯಪ್ಪ ಮುಖ ತಿರುಗಿಸಿ, ಮತ್ತೆ ತಾನಾಗಿ ಬಗ್ಗಿ ಮೂಸಿದ. ಭಾರತಮ್ಮ ಒಳಗಿಂದ ಕಂಬಳಿ ತಂದು ಮೂಸಿ ಕೆಳಗಿಟ್ಟಳು. ಅಶ್ವತ್ಥಮ್ಮ ಕಂಬಕ್ಕೆ ಒರಗಿ ನಿಂತಿದ್ದಳು.

ವೆಂಕಟರಾಯಪ್ಪನ ಮುಖ ಸಡಿಲವಾಯಿತು. ಬಹಳ ದಿನಗಳ ಮೇಲೆ ಅವನು ಹೆಂಡತಿಯ ಕಡೆ ತಿರುಗಿದ.

"ಹಂಗಾದ್ರೆ ಅವತ್ತು ಸೊಸೇನ ಉಳಿಸ್ಕೊಳ್ಳೋಕೆ ಸುಳ್ಳು ಹೇಳ್ದೆ ನೀನು."

ಅವಳು ಹೌದು ಎಂದರೆ ಸಾಕಿತ್ತು. ಅನ್ನದಿದ್ದರೂ ಸಾಕಿತ್ತು, ಅವನು ಆಗಲೇ ಹೌದೆಂದು ತಿಳಿದಿದ್ದ. ರಾಯಲ್ಪಾಡಿಗೆ ಕಳಿಸುವ ಮಾತು ಮುಗಿಯುತ್ತಿತ್ತು, ತಟ್ಟೆ ಒಳಗೆ ಬರುತ್ತಿತ್ತು, ಊರಿನವರು ಅವಳನ್ನು ಹೊಗಳುತ್ತಿದ್ದರು. ಭಾರತಮ್ಮ ಅತ್ತೆಯ ಕಡೆ ನೋಡಿ ಸಣ್ಣಗೆ ತಲೆ ಆಡಿಸಿದಳು, ಸುಮ್ಮನಿರಿ ಎನ್ನುವಂತೆ.

ವೆಂಕಟರಾಯಪ್ಪ ಮಂಕರಿಯ ಹತ್ತಿರ ಕುಳಿತು ನಾಯಿಯ ತಲೆ ಸವರಿದ. ಹಗುರಾದ ಮನುಷ್ಯನ ಧಾರಾಳ ಅವನ ದನಿಯಲ್ಲಿತ್ತು.

"ಡಾಕ್ಟ್ರು ಹೇಳಿದ್ದೇ ಹಾಕಿ ಇದಕ್ಕೆ. ಹೊರಗಡೆ ಬೇಯಿಸಿ ಹಾಕಿ, ಮಾಂಸಾನೇ ಆಗ್ಲಿ. ಮೂಕಪ್ರಾಣಿ. ಇದರ ಪರವಾಗಿ ನಾನು ಮಾತು ಕೊಡಬಾರದಿತ್ತು."

"ನನ್ನ ಪರವಾಗಿ ಕೊಡಬಹುದಿತ್ತಾ?" ಎಂದಳು ಅಶ್ವತ್ಥಮ್ಮ.

ಅವನು ತಲೆ ಎತ್ತಿದ.

"ನಾನು ಹೇಳಿದ್ದು ಸುಳ್ಳಲ್ಲ. ಈ ವಾಸನೆ ನಂದಲ್ಲ, ಅಷ್ಟೇ. ನಮ್ಮಣ್ಣನ ಮನೆಗೆ ಹೋದಾಗೆಲ್ಲ ತಿಂತೀನಿ. ನನಗಿಷ್ಟ ಅದು, ಚಿಕ್ಕೋಳಿಂದ."

"ಸ್ವಾಮಿಗೆ ಮಾತು ಕೊಟ್ಟಿದ್ದೆ ಕಣೇ ನಾನು. ಇವನ ಜೀವಕ್ಕೆ."

"ನೀವು ಕೊಟ್ರಿ. ನಾನು ಇಲ್ಲಿ ಇವನ ಬಾಯಿಗೆ ಗಂಜಿ ಹನಿಸ್ತಿದ್ದೆ. ಒಂದು ಮಾತು ಕೇಳಿದ್ರೆ ಬಿಡ್ತಿದ್ನೋ ಏನೋ. ಕೇಳಿದ್ದು ಈ ಹುಡುಗೀನ ಒಬ್ಬಳನ್ನೇ."

ಭಾರತಮ್ಮ ಕೋದಂಡನ ಕೈಯಲ್ಲಿದ್ದ ಹುಲ್ಲನ್ನು ತೆಗೆದುಕೊಂಡು ಹೊರಗೆ ಎಸೆಯಲು ಹೋದಳು. ಹುಲ್ಲು ಎಸೆದ ಮೇಲೂ ಅವಳು ತಕ್ಷಣ ಒಳಗೆ ಬರಲಿಲ್ಲ. ವೆಂಕಟರಾಯಪ್ಪ ನಾಯಿಯ ತಲೆಯ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನು ಮರೆತು ಕುಳಿತಿದ್ದ. ಅಂದು ಸಂಜೆ ಅವನು ಉಣ್ಣಲಿಲ್ಲ. ಯಾರೂ ಕರೆಯಲಿಲ್ಲ.

ಬೆಳಿಗ್ಗೆ ಅವನು ತೋಪಿನ ಕಡೆಯಿಂದ ಮೂರು ಕಲ್ಲು ಹೊತ್ತು ತಂದ. ಹಿತ್ತಲ ಪಡಸಾಲೆಯಲ್ಲಿ ಅಶ್ವತ್ಥಮ್ಮನ ತಟ್ಟೆ ಇರುತ್ತಿದ್ದ ಜಾಗದಲ್ಲಿ ಕಲ್ಲು ಇಟ್ಟು, ತಟ್ಟೆಯನ್ನು ಎತ್ತಿ ಅಡುಗೆಮನೆಯ ಹೊಸ್ತಿಲ ಒಳಗೆ ಇಟ್ಟ.

"ಏನಪ್ಪಾ ಇದು?" ಎಂದ ಕೋದಂಡ.

"ಒಲೆ. ಮಾತು ಕೊಟ್ಟೋನು ನಾನು. ನನ್ನದು ನಾನು ಬೇಯಿಸ್ಕೋತೀನಿ."

"ಅಮ್ಮ ರಾಯಲ್ಪಾಡಿಗೆ..."

"ಯಾರೂ ಎಲ್ಲಿಗೂ ಹೋಗ್ಬೇಕಾಗಿಲ್ಲ."

ಅಷ್ಟು ಹೇಳಿ ಬಗ್ಗಿ ಊದಿದ. ಸೌದೆ ಹಸಿಯಾಗಿತ್ತು. ಹೊಗೆ ಕಣ್ಣಿಗೆ ಹೋಗಿ ನೀರು ಸುರಿಯಿತು. ಭಾರತಮ್ಮ ಊದುಕೊಳವೆ ಹಿಡಿದು ಎದ್ದವಳು ಅತ್ತೆಯ ಮುಖ ನೋಡಿ ಮತ್ತೆ ಕುಳಿತಳು. ಅಶ್ವತ್ಥಮ್ಮ ಅಲ್ಲಾಡಲಿಲ್ಲ. ಒಳಗಿನ ಒಲೆಯ ಮುಂದೆ ಬಹಳ ದಿನಗಳ ಮೇಲೆ ಕುಳಿತು ಕಾಳು ಆರಿಸುತ್ತಿದ್ದಳು. ಹೊರಗಡೆ ಅನ್ನ ಸೀದ ವಾಸನೆ ಬಂತು. ಸೌಟು ಮಡಕೆಯ ತಳ ಕೆರೆಯುವ ಸದ್ದು ಬಂತು. ನಂತರ ಸದ್ದು ನಿಂತಿತು.

ವೆಂಕಟರಾಯಪ್ಪ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ. ಹೊಸ್ತಿಲು ದಾಟಲಿಲ್ಲ. ಏನು ಬೇಕೆಂದು ಹೇಳಲೂ ಇಲ್ಲ. ಅಶ್ವತ್ಥಮ್ಮ ಒಮ್ಮೆ ತಲೆ ಎತ್ತಿ ತಟ್ಟೆಯನ್ನು ನೋಡಿದಳು. ಎದ್ದು ಉಪ್ಪಿನ ಮರಿಗೆಯನ್ನು ತಂದು ಹೊಸ್ತಿಲ ಮೇಲೆ, ತನಗೂ ಅವನಿಗೂ ನಡುವೆ ಇಟ್ಟು, ಹೋಗಿ ಕಾಳಿನ ಮುಂದೆ ಕುಳಿತಳು. ಅವನು ಬಗ್ಗಿ ಒಂದು ಚಿಟಿಕೆ ತೆಗೆದುಕೊಂಡ. ಸಾಲದೆಂದು ಇನ್ನೊಂದು ತೆಗೆದುಕೊಂಡ.